ನಮ್ಮ ಮನೆಯಲ್ಲಿ ಅದಕ್ಕೆ ಅಡಚಣೆ ಎನ್ನುತ್ತಿದ್ದರು

ಆಗೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಕೆಲವು ಮಾತುಗಳನ್ನು ಬಾಯಿಗೆ ತರುವಂತಿರಲಿಲ್ಲ. ನಿಮ್ಮ ಮನೆಯಲ್ಲೂ ಇದ್ದಿರಬೇಕು. ಕತ್ತಲಾದ ಮೇಲೆ ಹಾವು ಎನ್ನಬಾರದು, ಹುಳ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ಡಬ್ಬದ ತಳ ಕೆರೆದು ಕೊನೆಯ ಹಿಡಿ ಅಕ್ಕಿ ತೆಗೆದ ದಿನವೂ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಅಕ್ಕಿ ಹೆಚ್ಚಿದೆ" ಎಂದೇ ಅಪ್ಪಯ್ಯನಿಗೆ ಹೇಳಬೇಕಿತ್ತು. ಖಾಲಿ ಎಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ನಾನು ಹೇಳಹೊರಟಿರುವ ಆ ವರ್ಷ ನಮ್ಮ ಮನೆಯಲ್ಲಿ ವಾರ ವಾರವೂ ಅಕ್ಕಿ ಹೆಚ್ಚುತ್ತಿತ್ತು, ಬೆಲ್ಲ ಹೆಚ್ಚುತ್ತಿತ್ತು, ಸೀಮೆಎಣ್ಣೆ ಹೆಚ್ಚುತ್ತಿತ್ತು. ಇಷ್ಟೆಲ್ಲ ಹೆಚ್ಚಿದ ಮನೆಯಲ್ಲಿ ನಾವು ಗಂಜಿಗೆ ಕೆಸುವಿನ ಸೊಪ್ಪಿನ ಗೊಜ್ಜು ನಂಜಿಕೊಂಡು ಉಣ್ಣುತ್ತಿದ್ದೆವು.

ಹೀಗೆ ಬಾಯಿಗೆ ತರಬಾರದ ಮಾತುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಬಡತನ. ಹಾವನ್ನಾದರೂ ಹಗಲಿನಲ್ಲಿ ಹಾವು ಎನ್ನಬಹುದಿತ್ತು. ಇದನ್ನು ಹಗಲಲ್ಲೂ ಹೇಳುವಂತಿರಲಿಲ್ಲ. ನಮ್ಮದು 'ಅಡಚಣೆ'. ಕೆಲವೊಮ್ಮೆ 'ತಾಪತ್ರಯ'. ತೀರಾ ಕಷ್ಟದ ತಿಂಗಳುಗಳಲ್ಲಿ 'ಸ್ವಲ್ಪ ಬಿಗಿ'.

ಈಗ ನಾನು ನರಸಿಂಹರಾಜಪುರದ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಸಮಾನಾರ್ಥಕ ಪದಗಳ ಪಾಠ ಬಂದಾಗ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ: ಬಡತನ, ದಾರಿದ್ರ್ಯ, ಇಲ್ಲದಿಕೆ, ನಿರ್ಗತಿಕತೆ. ಎಲ್ಲದಕ್ಕೂ ಒಂದೇ ಅರ್ಥ, ಪೂರ್ತಿ ಅಂಕ. ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತೇನೆ, ಮಕ್ಕಳದ್ದೇನು ತಪ್ಪು? ಆದರೆ ಅವೆಲ್ಲಕ್ಕೂ ಒಂದೇ ಅರ್ಥವಿದ್ದಿದ್ದರೆ ನನ್ನ ಅಕ್ಕ ಸರೋಜ ಹೈಸ್ಕೂಲು ಓದುತ್ತಿದ್ದಳು. ಈ ಪದ ಬೇಡ, ಆ ಪದ ಇರಲಿ ಎಂದು ಆರಿಸುತ್ತಾ ಕೂತ ದೊಡ್ಡವರ ನಡುವೆ ಅವಳ ಓದು ಹೋಯಿತು. ಅದನ್ನೇ ಬರೆಯುತ್ತಿದ್ದೇನೆ.

ನಮ್ಮೂರು ಮೇಗುಂದದ ಕಡೆ. ಅಪ್ಪಯ್ಯನಿಗೆ ಹಿಸ್ಸೆಯಲ್ಲಿ ಬಂದದ್ದು ಒಂದು ತುಂಡು ಗದ್ದೆ, ಒಂದು ತುಂಡು ಅಡಿಕೆ ತೋಟ. ತೋಟಕ್ಕೆ ಹಳದಿ ಎಲೆ ರೋಗ ಬಿದ್ದು ಮರಗಳು ಬೋಳಾಗಿದ್ದವು. ಕೊನೆ ಕೊಯ್ಯಲು ಜನ ಕರೆಯುವಷ್ಟೂ ಫಸಲಿರಲಿಲ್ಲ. ಆದರೆ ಪಹಣಿಯಲ್ಲಿ ಅದು ತೋಟವೇ. ಹಾಗಾಗಿ ನಾವು ತೋಟದವರು. ತೋಟದವರು ಇನ್ನೊಬ್ಬರ ಮನೆಗೆ ಕೂಲಿಗೆ ಹೋಗುವಂತಿಲ್ಲ. ಅಪ್ಪಯ್ಯನ ಅಣ್ಣ ಬಾಳೆಹೊನ್ನೂರಿನಲ್ಲಿ ನೆಲೆ ನಿಂತಿದ್ದರು. ಅವರಿಗೆ ಒಳ್ಳೆಯ ಕಾಫಿ ತೋಟ, ಜೀಪು, ಊರಲ್ಲಿ ಹೆಸರು. 'ಬಾಳೆಹೊನ್ನೂರು ದೊಡ್ಡಪ್ಪಯ್ಯ' ಎಂದರೆ ನಮ್ಮ ಮನೆಯಲ್ಲಿ ಎದ್ದು ನಿಂತು ಹೇಳುವಷ್ಟು ಗೌರವ.

ಅಮ್ಮ ನಮಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಒಂದು ಉತ್ತರ. ಯಾರ ಮನೆಗೆ ಹೋದರೂ, ಎಷ್ಟು ಹೊತ್ತಿಗೆ ಹೋದರೂ, "ಊಟ ಆಯ್ತನೆ ಕೂಸೆ?" ಎಂದು ಕೇಳಿದರೆ "ಆಯ್ತು" ಎನ್ನಬೇಕು. ಎರಡನೇ ಸಲ ಕರೆದರೂ "ಆಯ್ತು". ಮೂರನೇ ಸಲ ಕೈ ಹಿಡಿದು ಎಳೆದರೆ ಮಾತ್ರ "ಸ್ವಲ್ಪ ಹಾಕಿ" ಎನ್ನಬಹುದು. ಉಳ್ಳವರ ಮನೆಗಳಲ್ಲಿ ಎರಡನೇ ಸಲಕ್ಕೇ ಉಪಚಾರ ಮುಗಿಯುತ್ತಿತ್ತು. ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿದ್ದ ಜಗಲಿಗಳಲ್ಲಿ ನಾನು ಆ ಮೂರನೇ ಸಲಕ್ಕಾಗಿ ಕಾದು ಕೂತು, ಕೊನೆಗೆ ಎದ್ದು ಬಂದದ್ದಿದೆ. ಇದಕ್ಕೆ ಮರ್ಯಾದೆ ಎನ್ನುತ್ತಿದ್ದರು. ಹಸಿದ ಹೊಟ್ಟೆಯ ಒಂಬತ್ತು ವರ್ಷದ ಹುಡುಗಿಗೆ ಅದು ಏನೆಂದು ಅನ್ನಿಸುತ್ತಿತ್ತು ಎಂದು ಯಾರೂ ಕೇಳಲಿಲ್ಲ.

ಅಕ್ಕ ಆ ವರ್ಷ ಏಳನೇ ಕ್ಲಾಸು. ನಾನು ನಾಲ್ಕನೆಯದು. ಅಕ್ಕ ಲೆಕ್ಕದಲ್ಲಿ ಎಷ್ಟು ಚುರುಕೆಂದರೆ ಹೆಡ್‌ಮೇಷ್ಟ್ರಿಗೆ ಹೊರಗೆ ಕೆಲಸ ಬಿದ್ದರೆ ಐದನೇ ಕ್ಲಾಸಿನ ಲೆಕ್ಕ ಇವಳೇ ನೋಡುತ್ತಿದ್ದಳು. ಅವಳಿಗೆ ಹೈಸ್ಕೂಲು ಓದಬೇಕು. ನಮ್ಮೂರ ಹತ್ತಿರ ಹೈಸ್ಕೂಲಿರಲಿಲ್ಲ. ಕೊಪ್ಪದಲ್ಲಿ ಯಾರೋ ದಾನಿಗಳು ಹೆಣ್ಣುಮಕ್ಕಳಿಗೆಂದು ನಡೆಸುವ ಉಚಿತ ಹಾಸ್ಟೆಲು ಇದೆ, ಊಟ ವಸತಿ ಎಲ್ಲ ಅಲ್ಲೇ, ಒಂದು ಟ್ರಂಕು ಮತ್ತು ಹಾಸಿಗೆ ನಾವು ಒಯ್ದರೆ ಸಾಕು ಎಂದು ಹೆಡ್‌ಮೇಷ್ಟ್ರು ಹೇಳಿದ್ದರು. ಅಂದಿನಿಂದ ಅಕ್ಕನಿಗೆ ಟ್ರಂಕಿನದೇ ಧ್ಯಾನ.

ಟ್ರಂಕಿಗೆ ದಾರಿ ತೋರಿಸಿದ್ದು ಬಾವಲಿಗಳು.

ದೀಪಾವಳಿ ಕಳೆದು ಅಡಿಕೆ ಹಣ್ಣಾಗುವ ಹೊತ್ತಿಗೆ ಬಾವಲಿಗಳು ಅವರಿವರ ತೋಟದಿಂದ ಹಣ್ಣಡಿಕೆ ಕಚ್ಚಿಕೊಂಡು ಬಂದು, ಹೊಳೆಬದಿಯ ದೊಡ್ಡ ಮರಗಳಲ್ಲಿ ತಲೆಕೆಳಗಾಗಿ ನೇತಾಡಿ, ಮೇಲಿನ ಸಿಹಿ ಸಿಪ್ಪೆ ಚೀಪಿ, ಅಡಿಕೆಯನ್ನು ಕೆಳಗೆ ಬಿಡುತ್ತಿದ್ದವು. ಬೆಳಗ್ಗೆ ಹೋದರೆ ಮರದಡಿ ಹುಳಿ ಹುಳಿ ಕಮಟು ವಾಸನೆ. ಇಬ್ಬನಿಯಲ್ಲಿ ತೊಯ್ದ ತರಗೆಲೆ ಸರಿಸಿದರೆ ನಾರು ಕೆದರಿದ ಅಡಿಕೆ. ಎಲ್ಲಿಂದಲೋ ಬಂದ ಈ ಬಾವಲಿ ಅಡಿಕೆ ಯಾರದ್ದೂ ಅಲ್ಲ. ಹಾಗೆಂದು ಯಾರು ಬೇಕಾದರೂ ಹೆಕ್ಕುವಂತೆಯೂ ಇರಲಿಲ್ಲ. ಬೇಲಿಯಾಚೆ ಬಿದ್ದದ್ದು ಪಾಪದವರಿಗೆ. ನಮ್ಮ ಕಡೆ ಕೂಲಿ ಮಾಡುವವರನ್ನು 'ಪಾಪದವರು' ಎನ್ನುತ್ತಿದ್ದರು, ಕರುಣೆಯ ಹಾಗೆ ಕೇಳಿಸುವ ಮಾತು. ತೋಟದವರು ಬಾವಲಿ ಅಡಿಕೆಗೆ ಬಗ್ಗಿದರೆ ಅವರ ಮನೆ ಒಲೆಯ ಸ್ಥಿತಿ ಊರಿಗೇ ಗೊತ್ತಾದಂತೆ.

ಅಕ್ಕ ಬಗ್ಗಿದಳು. ನಾನೂ ಹಿಂದೆ ಹೋದೆ. ಬೆಳಕು ಹರಿಯುವಾಗ ದನ ಹೊಡೆದುಕೊಂಡು ಹೋಗುವ ನೆಪ, ಲಂಗದ ಮಡಿಲಲ್ಲಿ ಅಡಿಕೆ. ನಾಲ್ಕನೆಯದೋ ಐದನೆಯದೋ ದಿನ ಮರದಡಿ ಚಂದ್ರಿ ಸಿಕ್ಕಳು. ಚಂದ್ರಿ ಪಕ್ಕದ ತೋಟದ ಕೂಲಿಯವಳು. ಅವಳ ಮಗಳು ಗುಲಾಬಿ ಅಕ್ಕನ ಕ್ಲಾಸಿನವಳೇ. ತಾಯಿ ಮಗಳಿಬ್ಬರೂ ಚೀಲ ಹಿಡಿದು ನಮ್ಮನ್ನೇ ನೋಡುತ್ತಾ ನಿಂತರು.

"ಇದೆಂತ ಸರೋಜಮ್ಮ," ಎಂದಳು ಚಂದ್ರಿ. "ನೀವು ಹೆಕ್ಕಿದ್ರೆ ನಮಗೆಂತ ಉಳೀತದೆ?"

ಅಕ್ಕ ಮಡಿಲು ಬಿಗಿ ಹಿಡಿದು ನಿಂತಳು.

"ನಾವಾದ್ರೆ ಪಾಪದವರು, ಹೆಕ್ತೀವಿ. ನೀವು ಎಂತದ್ದು ಹೇಳಿ ನೋಡುವ?"

ಅವಳು ಹಂಗಿಸಿದಳೋ, ನಿಜಕ್ಕೂ ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು. ಮಡಿಲಿನ ಅಡಿಕೆಯನ್ನೆಲ್ಲ ಚಂದ್ರಿಯ ಕಾಲ ಬಳಿ ಸುರಿದು, "ನಂಗೆ ಹಾಸ್ಟೆಲಿಗೆ ಟ್ರಂಕು ಬೇಕಿತ್ತು," ಎಂದಳು.

ಚಂದ್ರಿ ಬೈಯತೊಡಗಿದಳು. "ಅಳೋದೆಂತಕ್ಕೆ ಮಾರಾಯ್ತಿ? ಅಳೋ ಹಂಗೆ ನಾ ಎಂತ ಹೇಳ್ದೆ? ಹೆಕ್ಕಿ ಅತ್ಲಾಗೆ. ಹೊಳೆ ಆಚೆಗಿನ ಮರ ನಿಮ್ಮದು, ಇದು ನಮ್ಮದು. ನಿಮ್ಮ ಅಡಿಕೆ ನಂಗೆ ಕೊಡಿ. ನೀವು ಅಂಗಡಿಗೆ ಹೊತ್ಕೊಂಡು ಹೋದ್ರೆ ಊರೆಲ್ಲ ಬಾಯಿ ಬಿಡ್ತದೆ."

ಗುಲಾಬಿ ಕಿಸಕ್ಕೆಂದು ನಕ್ಕು, "ನಂಗೂ ಟ್ರಂಕು ಬೇಕವ್ವಾ," ಎಂದಳು. "ನೀ ಮೊದ್ಲು ಪಾಸಾಗು," ಎಂದು ಚಂದ್ರಿ ಅವಳ ತಲೆಗೆ ಮೊಟಕಿದಳು.

ಆ ಚಳಿಗಾಲದಷ್ಟು ಸಂತೋಷದ ಕಾಲ ನನ್ನ ಬಾಲ್ಯದಲ್ಲಿ ಬೇರೆ ಇಲ್ಲ. ನಾವು ಮೂವರು ಹುಡುಗಿಯರು ಬೆರಳು ಮರಗಟ್ಟುವ ಥಂಡಿಯಲ್ಲಿ ಮರದಿಂದ ಮರಕ್ಕೆ ಓಡುತ್ತಿದ್ದೆವು. ಬಾವಲಿ ಹಿಕ್ಕೆ ತಲೆಗೆ ಬಿದ್ದರೆ ನಗು. ಯಾರಿಗೆ ಮೊದಲು ಅಡಿಕೆ ಸಿಕ್ಕಿತೋ ಅವರಿಗೆ ಗುಲಾಬಿಯ ಲಂಗದ ಗಂಟಿನಲ್ಲಿದ್ದ ಸುಟ್ಟ ಹಲಸಿನ ಬೀಜ. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಚಂದ್ರಿ ಕೊಪ್ಪದ ಸಂತೆಯಿಂದ ತಲೆಯ ಮೇಲೆ ಒಂದು ನೀಲಿ ತಗಡಿನ ಟ್ರಂಕು ಹೊತ್ತು ತಂದಳು. ನಮ್ಮ ಹಿತ್ತಿಲ ಬಾಗಿಲಿಗೇ ಬಂದಳು. ಅಮ್ಮ ಟ್ರಂಕು ನೋಡಿ, ಚಂದ್ರಿಯನ್ನು ನೋಡಿ, ಅಡಿಕೆ ಕಲೆ ಹಿಡಿದ ಅಕ್ಕನ ಕೈ ನೋಡಿ ಎಲ್ಲ ಅರ್ಥ ಮಾಡಿಕೊಂಡರು. ಬೈಯಲಿಲ್ಲ. ಟ್ರಂಕನ್ನು ಅಟ್ಟಕ್ಕೇರಿಸಿ, "ಅಪ್ಪಯ್ಯ ಕೇಳಿದ್ರೆ ಅಜ್ಜನ ಮನೆಯಿಂದ ಬಂದದ್ದು ಅನ್ನಿ," ಎಂದರು.

ಮಾರ್ಚಿನಲ್ಲಿ ಹೆಡ್‌ಮೇಷ್ಟ್ರು ಹಾಸ್ಟೆಲಿನ ಅರ್ಜಿ ಹಿಡಿದು ಮನೆಗೇ ಬಂದರು. ಅಮ್ಮ ಮನೆಯಲ್ಲಿದ್ದ ಕೊನೆಯ ಚೂರು ಬೆಲ್ಲ ಹಾಕಿ ಕಾಫಿ ಮಾಡಿದರು. ಮೇಷ್ಟ್ರು ಅಂದರು, "ಎಲ್ಲ ನಾನೇ ತುಂಬಿದೀನಿ. ನಿಮ್ಮದೊಂದು ಸಹಿ ಸಾಕು."

ಅಪ್ಪಯ್ಯ ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಓದುತ್ತಾ ಹೋದವರು ಒಂದು ಕಡೆ ನಿಂತರು. ಆ ಸಾಲು ನನಗೆ ಬಾಯಿಪಾಠ: 'ನಾನು ಕಡು ಬಡವನಾಗಿದ್ದು, ನನ್ನ ಮಗಳನ್ನು ಓದಿಸಲು ಶಕ್ತನಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ.'

"ಇದನ್ನ ನಾನು ಬರೆದು ಕೊಡ್ಬೇಕಾ ಮೇಷ್ಟ್ರೆ?"

"ನೀವು ಬರೆಯೋದೆಂತ? ಅಚ್ಚಾಗಿ ಬಂದಿದೆ. ಎಲ್ಲರೂ ಹಾಕೋದೇ."

"ಎಲ್ಲರೂ ಅಂದ್ರೆ?"

ಮೇಷ್ಟ್ರು ಪಾಪ, ಸುಳ್ಳು ಬಾರದ ಮನುಷ್ಯ. "ಈಗ ಚಂದ್ರಿ ಹೆಬ್ಬೆಟ್ಟು ಒತ್ತಿದ್ಲು, ಗುಲಾಬಿಗೆ," ಎಂದುಬಿಟ್ಟರು.

ಅಪ್ಪಯ್ಯ ಕನ್ನಡಕ ತೆಗೆದರು. "ನೋಡುವ. ಇಲ್ಲಿರ್ಲಿ," ಎಂದು ಅರ್ಜಿಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು.

"ಬರೀ ಕಾಗದ ಮಾರಾಯ್ರೆ," ಎಂದು ಮೇಷ್ಟ್ರು ಮೆಟ್ಟಿಲಿಳಿಯುತ್ತಾ ಹೇಳಿದರು. "ನಾಳೆ ಅದನ್ನ ಯಾರೂ ಓದೋದಿಲ್ಲ. ಹುಡುಗಿ ಓದ್ತಾಳೆ."

ಅಪ್ಪಯ್ಯ ಕೆಟ್ಟವರಲ್ಲ. ಇದ್ದ ಒಂದೇ ಬಿಳಿ ಅಂಗಿಯನ್ನು ತಾವೇ ಒಗೆದು, ಚೊಂಬಿಗೆ ಕೆಂಡ ಹಾಕಿ ಇಸ್ತ್ರಿ ಮಾಡಿ, ಕೊಪ್ಪಕ್ಕೆ ಹೋಗುವಾಗ ಮಾತ್ರ ತೊಡುತ್ತಿದ್ದರು. ತಮ್ಮ ಬಟ್ಟಲಿನ ಗಂಜಿಯಲ್ಲಿ ಅರ್ಧ ನನಗೆ ಸುರಿಯುತ್ತಿದ್ದರು. ಉಪವಾಸ ಇರುವುದು ಅವರಿಗೆ ಕಷ್ಟವಾಗಿರಲಿಲ್ಲ. ಆ ಒಂದು ಸಾಲಿನ ಕೆಳಗೆ ಹೆಸರು ಬರೆಯುವುದು ಆಗಲಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಬೇಕು ಎಂದು ಜನ ನನಗೆ ಹೇಳುತ್ತಾರೆ. ಅರ್ಥವಾಗುತ್ತದೆ. ಅರ್ಥವಾದಷ್ಟೂ ಸಿಟ್ಟು ಜಾಸ್ತಿಯಾಗುತ್ತದೆ.

ಅರ್ಜಿ ಕೊಡಲು ಇನ್ನೂ ಒಂದು ವಾರವಿತ್ತು. ಅಷ್ಟರಲ್ಲಿ ಬಾಳೆಹೊನ್ನೂರಿನಿಂದ ದೊಡ್ಡಮ್ಮ ಜೀಪಿನಲ್ಲಿ ಬಂದಿಳಿದರು. ಬಾವಲಿ ಅಡಿಕೆಯ ಸುದ್ದಿ ಹೇಗೋ ಅಲ್ಲಿಗೆ ಮುಟ್ಟಿತ್ತು. ಸೀರೆಯಿಂದ ಚಂದನದ ಸಾಬೂನಿನ ವಾಸನೆ, ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಜಗಲಿಯಲ್ಲಿ ಕೂತು ಅಕ್ಕನನ್ನು ಹತ್ತಿರ ಕರೆದು, ಅವಳ ಅಂಗೈ ಬಿಡಿಸಿ ಅಮ್ಮನಿಗೆ ತೋರಿಸಿದರು.

"ನೋಡೇ ಇದನ್ನ. ಹೆಣ್ಣುಮಗಳ ಕೈಯೇನೆ ಇದು? ನಮ್ಮ ಮನೆತನದ ಕೂಸು ಬಾವಲಿ ಎಂಜಲು ಹೆಕ್ಕೋದಾ? ನಾಲ್ಕು ಜನ ನಮಗೆಂತ ಅಂತಾರೆ ಹೇಳು."

ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಅವಳಿಗೆ ಓದ್ಬೇಕು ಅಂತ ಆಸೆ ಅಕ್ಕಯ್ಯ," ಎಂದರು.

"ಓದ್ಲಿ ಮಾರಾಯ್ತಿ! ಬೇಡ ಅಂದೋರು ಯಾರು? ನಮ್ಮನೆ ಜಗಲಿಯಲ್ಲಿ ನಿಂತ್ರೆ ಹೈಸ್ಕೂಲು ಕಾಣ್ತದೆ. ನಮ್ಮನೇಲೇ ಇರ್ಲಿ. ಕೆಲಸ ಎಂತ ಇದೆ ನಮ್ಮಲ್ಲಿ? ಎರಡು ಹೂ ಕೊಯ್ಯೋದು, ರಮೇಶನ್ನ ಸ್ವಲ್ಪ ಆಡಿಸೋದು. ಮಗಳ ಹಾಗೆ ಇರ್ಲಿ."

ರಮೇಶ ಅವರ ಐದು ವರ್ಷದ ಮಗ. ಅಪ್ಪಯ್ಯನ ಮುಖ ಅರಳಿದ್ದು ನನಗೆ ಕಾಣಿಸಿತು. ಎಷ್ಟೋ ತಿಂಗಳುಗಳಿಂದ ಅವರ ಮುಖ ಹಾಗೆ ಅರಳಿರಲಿಲ್ಲ. ನೆಂಟರ ಮನೆಯಲ್ಲಿದ್ದು ಓದುವುದು! ಅದಕ್ಕೆ ಅರ್ಜಿ ಇಲ್ಲ, ಸಹಿ ಇಲ್ಲ, ಆ ಸಾಲು ಇಲ್ಲ. ಊರಲ್ಲಿ ತಲೆಯೆತ್ತಿ ಹೇಳಬಹುದು.

ದೊಡ್ಡಮ್ಮ ಹೋದ ಮೇಲೆ ಅಕ್ಕ ಅಪ್ಪಯ್ಯನ ಎದುರು ಹೋಗಿ ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು.

"ನಾನು ಹಾಸ್ಟೆಲಿಗೆ ಹೋಗ್ತೀನಿ ಅಪ್ಪಯ್ಯ. ಗುಲಾಬಿನೂ ಬರ್ತಾಳೆ."

"ಗುಲಾಬಿ ಹೋಗ್ತಾಳೆ ಅಂತ ನೀನೂ ಹೋಗೋದಾ? ಅವರು ಬಡವರು."

"ನಾವು?"

ಅಪ್ಪಯ್ಯ ಹೆಗಲ ಮೇಲಿನ ಬೈರಾಸು ತೆಗೆದು ಕೊಡವಿದರು. ಮತ್ತೆ ಹಾಕಿಕೊಂಡರು. "ನಮ್ಮದು ಈ ವರ್ಷ ಸ್ವಲ್ಪ ಅಡಚಣೆ," ಎಂದರು.

ಅರ್ಜಿಯ ದಿನ ಕಳೆಯಿತು.

ಜೂನ್ ತಿಂಗಳಲ್ಲಿ ಇಬ್ಬರು ಹುಡುಗಿಯರು ಒಂದೇ ದಿನ ಊರು ಬಿಟ್ಟರು. ಗುಲಾಬಿ ಕೊಪ್ಪದ ಬಸ್ಸಿಗೆ, ಗೋಣಿಚೀಲದಲ್ಲಿ ಬಟ್ಟೆ ತುಂಬಿಕೊಂಡು. ಅವಳಿಗೆ ಟ್ರಂಕು ಆಗಿರಲಿಲ್ಲ. ಅಕ್ಕ ಬಾಳೆಹೊನ್ನೂರಿಗೆ, ನೀಲಿ ಟ್ರಂಕಿನ ಜೊತೆ. ಚಂದ್ರಿ ಮಗಳನ್ನು ಬಸ್ಸು ಹತ್ತಿಸಿ ಗೊಳೋ ಎಂದು ಅತ್ತಳು. ನಮ್ಮ ಅಮ್ಮ ಅಳಲಿಲ್ಲ. ಮಗಳು ನೆಂಟರ ಮನೆಗೆ ಹೊರಟಾಗ ಯಾರಾದರೂ ಅಳುತ್ತಾರೆಯೇ?

ದಸರಾ ರಜೆಯಲ್ಲಿ ಅಪ್ಪಯ್ಯ ನನ್ನನ್ನು ನಾಲ್ಕು ದಿನ ದೊಡ್ಡಮ್ಮನ ಮನೆಯಲ್ಲಿ ಬಿಟ್ಟು ಬಂದರು. ಬಾಗಿಲಲ್ಲೇ ಹುರಿದ ಕಾಫಿಬೀಜದ ಪರಿಮಳ, ನೆಲದಲ್ಲಿ ಮುಖ ಕಾಣುವಷ್ಟು ಹೊಳಪು. ಆ ಹೊಳಪು ಯಾರ ಕೈಯಿಂದ ಬಂದದ್ದೆಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಊಟಕ್ಕೆ ನನ್ನನ್ನು ರಮೇಶನ ಪಕ್ಕ ಕೂರಿಸಿದರು. ಅಕ್ಕ ಬಡಿಸಿದಳು. ತೆಂಗಿನಕಾಯಿ ಹಾಕಿದ ಬೀನ್ಸ್ ಪಲ್ಯ, ತುಪ್ಪ, ಗಟ್ಟಿ ಮೊಸರು. "ಅಕ್ಕಾ, ನೀನೂ ಕೂರು," ಎಂದೆ. ಅವಳು ನನ್ನ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿ, "ನಂದು ಆಯ್ತು," ಎಂದಳು. ಅಮ್ಮ ಕಲಿಸಿದ ಆ ಉತ್ತರವನ್ನು ಅವಳು ನನಗೇ ಕೊಟ್ಟಳು. ಆಮೇಲೆ ಅಡುಗೆಮನೆಯ ಮೂಲೆಯಲ್ಲಿ, ಪಾತ್ರೆ ತೊಳೆಯುವ ಹೆಂಗಸಿನ ಜೊತೆ ಅವಳು ಉಣ್ಣುವುದನ್ನು ಕಿಟಕಿಯಿಂದ ನೋಡಿದೆ.

ಸಂಜೆ ಅಟ್ಟದ ಕೋಣೆಯಲ್ಲಿ ಅವಳ ಟ್ರಂಕು ತೆರೆದೆ. ಎಂಟನೇ ಕ್ಲಾಸಿನ ಪುಸ್ತಕಗಳಿಗೆ ಖಾಕಿ ಕಾಗದದ ರಟ್ಟು ಹಾಕಿ ಒಪ್ಪವಾಗಿ ಜೋಡಿಸಿದ್ದಳು. ಗೋಂದಿನ ವಾಸನೆ ಇನ್ನೂ ಹೋಗಿರಲಿಲ್ಲ. ಲೆಕ್ಕದ ನೋಟ್‌ಬುಕ್ಕಿನಲ್ಲಿ ಆರೇಳು ಹಾಳೆ ಬರೆದಿತ್ತು. ಮುಂದೆಲ್ಲ ಬಿಳಿ.

"ಶಾಲೆಗೆ ಹೋಗಲ್ವಾ?"

"ಮಳೆಗಾಲದಲ್ಲಿ ದೊಡ್ಡಮ್ಮಂಗೆ ಸೊಂಟ ನೋವು. ಆಮೇಲೆ ಕಾಫಿ ಕೆಲಸಕ್ಕೆ ಜನ ಬಂದ್ರು. ಹೋಗ್ಬೇಕು," ಎಂದಳು. ಟ್ರಂಕು ಮುಚ್ಚಿದಳು. "ಅಮ್ಮಂಗೆ ಹೇಳ್ಬೇಡ."

ಮಾರನೇ ದಿನ ಯಾರೋ ಬಂದವರು ಅಕ್ಕನನ್ನು ನೋಡಿ, "ಇದ್ಯಾರು?" ಎಂದು ದೊಡ್ಡಮ್ಮನನ್ನು ಕೇಳಿದರು. ನಾನು ಅಲ್ಲೇ ರಮೇಶನ ಜೊತೆ ಚೌಕಾಬಾರ ಆಡುತ್ತಿದ್ದೆ.

"ನಮ್ಮ ಕಡೆ ಹುಡುಗಿ. ಮನೇಲಿ ಅನುಕೂಲ ಇಲ್ಲ, ಪಾಪ. ಇಟ್ಕೊಂಡಿದೀವಿ."

ನಾನು ಕವಡೆ ಹಿಡಿದೇ ಕೂತೆ. ಮೈದುನನ ಮಗಳು ಎನ್ನಲಿಲ್ಲ. ಅನುಕೂಲ ಇಲ್ಲ, ಪಾಪ, ಇಟ್ಕೊಂಡಿದೀವಿ. ಆ ಮಾತು ಎಷ್ಟು ಮೆದುವಾಗಿತ್ತೆಂದರೆ ಬಂದವರು 'ಅಯ್ಯೋ' ಎಂದು ದೊಡ್ಡಮ್ಮನ ಕಡೆ ಮೆಚ್ಚುಗೆಯಿಂದ ನೋಡಿದರು.

ಊರಿಗೆ ಬಂದು ಅಂಗಳದಲ್ಲೇ ಹೇಳಿಬಿಟ್ಟೆ. "ಅಕ್ಕ ಶಾಲೆಗೆ ಹೋಗ್ತಿಲ್ಲ. ಪಾತ್ರೆ ತೊಳೀತಾಳೆ. ನೆಲ ಒರೆಸ್ತಾಳೆ."

"ನೆಂಟರ ಮನೇಲಿ ನಾಲ್ಕು ಕೆಲಸ ಮಾಡಿದ್ರೆ ಕೈ ಸವೀತದಾ?" ಎಂದರು ಅಪ್ಪಯ್ಯ. ಆದರೆ ನನ್ನ ಮುಖ ನೋಡಲಿಲ್ಲ. ಹೋಗಿ ಕರೆದುಕೊಂಡು ಬರುತ್ತಾರೇನೋ ಎಂದು ಎರಡು ದಿನ ಕಾದೆ. ಕರೆದುಕೊಂಡು ಬಂದರೆ ಏನೆಂದು ಹೇಳುವುದು? ಅಣ್ಣನ ಮನೆಯಲ್ಲಿ ಮಗಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು ಎಂದೇ? ಆ ಮಾತಿಗಿಂತ ಸುಮ್ಮನಿರುವುದು ಸುಲಭ. ನಮ್ಮ ಕಡೆಯ ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಹೀಗೆ 'ನೆಂಟರ ಮನೆಯಲ್ಲಿದ್ದು' ಹಿತ್ತಿಲಲ್ಲೇ ಉಳಿದರೋ. ಯಾರೂ ಅವರನ್ನು ಕೆಲಸದವರು ಎನ್ನಲಿಲ್ಲ. ಎಂದಿದ್ದರೆ ಸಂಬಳವಾದರೂ ಕೊಡಬೇಕಾಗುತ್ತಿತ್ತು.

ಮೂರು ವರ್ಷದ ಮೇಲೆ ನನ್ನ ಸರದಿ ಬಂತು. ಅದೇ ಮೇಷ್ಟ್ರು, ಅದೇ ಅಚ್ಚಿನ ಅರ್ಜಿ. ಅಪ್ಪಯ್ಯ ಗದ್ದೆಗೆ ಹೋಗಿದ್ದರು. ಅಮ್ಮ ಅರ್ಜಿಯನ್ನು ಅಡುಗೆಮನೆಗೆ ತಂದು, ಅರೆಯುವ ಕಲ್ಲಿನ ಮೇಲಿಟ್ಟು, ಕೈ ಒರೆಸಿಕೊಂಡು, ತಾವು ಓದಿದ ಮೂರನೇ ಕ್ಲಾಸಿನ ದುಂಡು ಅಕ್ಷರಗಳಲ್ಲಿ ಆ ಸಾಲಿನ ಕೆಳಗೆ ತಮ್ಮ ಹೆಸರು ಬರೆದರು. ತಂದೆಯ ಸಹಿ 'ಅಥವಾ ಪೋಷಕರ ಸಹಿ' ಎಂದು ಅಲ್ಲಿ ಮೊದಲಿಂದಲೂ ಇತ್ತು. ಮೂರು ವರ್ಷದ ಹಿಂದೆಯೂ ಇತ್ತು.

"ಅಮ್ಮಾ, ಆಗ ಯಾಕೆ ಬರೀಲಿಲ್ಲ?" ಎಂದು ಕೇಳಿದೆ.

"ಆಗ ನಂಗೆ ಧೈರ್ಯ ಇರ್ಲಿಲ್ಲ," ಎಂದರು ಅಮ್ಮ. ಒಲೆಯ ಕಡೆ ತಿರುಗಿ, "ಅವಳದ್ದು ನೋಡಿ ಬಂತು," ಎಂದರು.

ನಾನು ಹಾಸ್ಟೆಲಿಗೆ ಹೋದೆ. ಗುಲಾಬಿ ಆಗ ಹತ್ತನೇ ಕ್ಲಾಸು ಮುಗಿಸಿ ಹೊರಟಿದ್ದಳು. ಮುಂದೆ ನರ್ಸ್ ಆದಳು, ಚಂದ್ರಿಯನ್ನು ಕೂಲಿ ಬಿಡಿಸಿ ತನ್ನ ಜೊತೆ ಇಟ್ಟುಕೊಂಡಳು. ನಾನು ಟೀಚರಾದೆ. ಅಕ್ಕನನ್ನು ವಾಪಸು ಕರೆಸಲು ಅಮ್ಮ ಓಡಾಡುವ ಹೊತ್ತಿಗೆ ಅವಳಿಗೆ ಹದಿನಾರು. ಪುಟ್ಟ ಮಕ್ಕಳ ಜೊತೆ ಎಂಟನೇ ಕ್ಲಾಸಿನಲ್ಲಿ ಕೂರುವುದಿಲ್ಲ ಎಂದು ಅವಳೇ ಹಟ ಹಿಡಿದಳು. ಮದುವೆಯಾಗಿ ಬೇಗಾರಿಗೆ ಹೋಗುವ ತನಕ ಬಾಳೆಹೊನ್ನೂರಿನಲ್ಲೇ ಇದ್ದಳು. ಭಾವ ಒಳ್ಳೆಯವರು, ಅವರಿವರ ತೋಟದ ಕೆಲಸ ನೋಡಿಕೊಳ್ಳುತ್ತಾರೆ. ಇವತ್ತಿಗೂ ಅಂಗಡಿಯವನು ಚೀಟಿ ಕೂಡುವ ಮೊದಲೇ ಅಕ್ಕ ಬಾಯಲ್ಲೇ ಮೊತ್ತ ಹೇಳುತ್ತಾಳೆ. ಅವನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿ, "ಹೌದಲ್ಲ ಸರೋಜಮ್ಮ!" ಎಂದು ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಈ ವರ್ಷ ದೊಡ್ಡಮ್ಮ ತೀರಿಕೊಂಡರು. ತುಂಬು ವಯಸ್ಸು. ಹದಿಮೂರನೇ ದಿನದ ಊಟಕ್ಕೆ ನಾನೂ ಅಕ್ಕನೂ ಹೋಗಿದ್ದೆವು. ಎಲೆ ಹಾಕುವ ಮೊದಲು ರಮೇಶ ನಾಲ್ಕು ಮಾತು ಆಡಲು ನಿಂತ. ಈಗ ಅವನಿಗೂ ಕೂದಲು ನೆರೆತಿದೆ. ಅತ್ತ, ಕಣ್ಣೊರೆಸಿಕೊಂಡ, ನಂತರ ಹೇಳಿದ: "ನಮ್ಮಮ್ಮನ ಕೈ ದೊಡ್ಡದು. ಎಷ್ಟೋ ಬಡ ಹೆಣ್ಣುಮಕ್ಕಳನ್ನ ಮನೇಲಿಟ್ಕೊಂಡು ಸ್ವಂತ ಮಕ್ಕಳ ಹಾಗೆ ಓದಿಸಿದ್ಲು. ನಮ್ಮ ಸರೋಜಕ್ಕನೇ ಇಲ್ಲಿದ್ದಾಳಲ್ಲ."

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ಅಡುಗೆಯವರ ಪಕ್ಕ ಕೂತು ಬಾಳೆಎಲೆ ಒರೆಸುತ್ತಿದ್ದಳು.

ಯಾವ ಪದವನ್ನು ಬರೆಯಲಾರದೆ ಅಪ್ಪಯ್ಯ ಮಗಳ ಓದನ್ನೇ ಬಿಟ್ಟುಕೊಟ್ಟರೋ, ಸಾಯುವ ತನಕ ಯಾವ ಪದವನ್ನು ನಮ್ಮ ಹೊಸ್ತಿಲಿಗೆ ಬಿಟ್ಟುಕೊಳ್ಳಲಿಲ್ಲವೋ, ಅದನ್ನು ಇವನು ನೂರು ಜನರೆದುರು ಎತ್ತಿ ತನ್ನ ತಾಯಿಯ ಕೊರಳಿಗೆ ಹಾರ ಮಾಡಿ ಹಾಕಿದ. ನಾನು ಎದ್ದು ನಿಂತೆ.

"ಎಲ್ಲಿ ತನಕ ಓದಿಸಿದ್ರಿ ರಮೇಶ?"

ಅವನಿಗೆ ಗೊತ್ತಾಗಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ, ಅದು ಇನ್ನೂ ಕೆಟ್ಟದು. "ಹೈಸ್ಕೂಲು... ಅಲ್ವಾ ಸರೋಜಕ್ಕ?" ಎಂದ.

ಅಕ್ಕ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. "ಪಾಯಸ ಆರ್ತದೆ ಮಾರಾಯ. ಜನ ಕೂರ್ಸು," ಎಂದಳು. ಎಲ್ಲರೂ ಬದುಕಿದೆವು ಎಂಬಂತೆ ಪಂಕ್ತಿಗೆ ಕೂತರು. ನಾನು ಅರ್ಧಕ್ಕೇ ಎಲೆ ಮಡಚಿದೆ. ಅಕ್ಕ ಹೊಟ್ಟೆ ತುಂಬ ಉಂಡಳು.

ವಾಪಸು ಬರುವಾಗ ಕೊಪ್ಪದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಾನು ಕಿಟಕಿಯ ಹೊರಗೆ ನೋಡುತ್ತಾ ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದೆ. ಅವಳು ಓದದ ಹೈಸ್ಕೂಲು, ಹೋಗದ ಕಾಲೇಜು, ಅವಳ ಕೈಗೆ ಸಿಗಬೇಕಿದ್ದ ಸೀಮೆಸುಣ್ಣ, ಅವಳಿಂದ ಲೆಕ್ಕ ಕಲಿಯಬೇಕಿದ್ದ ಊರೂರಿನ ಮಕ್ಕಳು. ಹೋದದ್ದನ್ನು ಅಳೆಯಲು ಹೊರಟರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಕ್ಕ, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ, "ಹದಿನೇಳು ದಿನ," ಎಂದಳು.

"ಎಂತದು?"

"ನೀ ಕೇಳಿದ್ಯಲ್ಲ, ಎಲ್ಲಿ ತನಕ ಅಂತ. ಹದಿನೇಳು ದಿನ ಹೋಗಿದ್ದೆ. ಹಾಜರಿ ಕರೆಯುವಾಗ ಹದಿನೇಳು ಸಲ ನನ್ನ ಹೆಸರು ಕರೆದ್ರು, ನಾನು 'ಇದ್ದೇನೆ ಸಾರ್' ಅಂದೆ. ಹದಿನೆಂಟನೇ ದಿನವೂ ಕರೆದಿರ್ಬೇಕು."